ತೋಳದ ಬಾಯಲ್ಲಿ ಕೈ

ಮಾರ್ಚ್ 3, ಬೆಳಿಗ್ಗೆ

ಬ್ರಶ್ ತೊಳೆದ ನೀರನ್ನು ಟೀ ಅಂದುಕೊಂಡು ತುಟಿಗಿಟ್ಟೆ. ಮತ್ತೆ! ಬೈಯಲು ಮನೆಯಲ್ಲಿ ಇನ್ನೊಬ್ಬರಿಲ್ಲ. ನನ್ನನ್ನೇ ಬೈದುಕೊಂಡೆ.

ಮುಖಪುಟದ ಚಿತ್ರ ವಾಪಸ್. ಉತ್ತರ ಯುರೋಪಿನ ನಾರ್ಸ್ ಪುರಾಣದ ಎಳೆ ಹಿಡಿದು ಬರೆದ ಕಾದಂಬರಿ — ಹಿಮ, ಸತ್ತವರು ಬಂದು ಬಾಗಿಲು ತಟ್ಟುವುದು, ದೇವರುಗಳು ಕಟ್ಟಿಹಾಕಿದ ದೈತ್ಯ ತೋಳ. ಚಿತ್ರ ಬರೆಯುವವರಿಗೆ ಪುಸ್ತಕ ಕೊಡುವ ಪದ್ಧತಿ ನಮ್ಮ ಪ್ರಕಾಶನದಲ್ಲಿಲ್ಲ. ಎರಡು ಪುಟ ಸಾರಾಂಶ, ಅಷ್ಟೆ. ‘ಕಟ್ಟಿಹಾಕಿದ ತೋಳ’ ಎಂದಿತ್ತು. ಕಟ್ಟುವುದೆಂದರೆ ಸರಪಳಿ ತಾನೇ? ದಪ್ಪ ಸರಪಳಿ ಬರೆದೆ, ಕೊಂಡಿಕೊಂಡಿಗೂ ತುಕ್ಕು ಹಚ್ಚಿ.

“ಸರಪಳಿ ಅಲ್ಲ ಮೇಡಂ, ರಿಬ್ಬನ್ನು,” ಎಂದರು ಸಂಪಾದಕರು ಫೋನಿನಲ್ಲಿ.

“ಅಷ್ಟು ದೊಡ್ಡ ತೋಳಕ್ಕೆ ರಿಬ್ಬನ್ನಾ? ಜಡೆ ಹಾಕ್ತಾರಾ?”

“ಅದೇ ಸಿಂಬಾಲಿಸಮ್ಮು. ಪೂರ್ತಿ ಕಳಿಸ್ತೀನಿ, ನೀವೇ ಓದಿಬಿಡಿ.”

ಓದಬೇಕಂತೆ. ಬೇರೆ ಕೆಲಸವೇನಿದೆ ನನಗೆ.

ಮಾರ್ಚ್ 4

ದೊಡ್ಡಕ್ಕನ ಫೋನ್. ತಮ್ಮ ಕುಡಿದು ಮೆಟ್ಟಿಲಿಂದ ಬಿದ್ದನಂತೆ, ಹಣೆ ಒಡೆದಿದೆ. ಭಾವ ಕುಡಿತ ಬಿಡಿಸುವ ಕೇಂದ್ರವೊಂದನ್ನು ಗೊತ್ತು ಮಾಡಿದ್ದಾರೆ. ಮೂರು ತಿಂಗಳು ಒಳಗೇ ಇರಬೇಕು.

“ಭಾನುವಾರ ನಮ್ಮನೇಲಿ ಊಟ ಅಂತ ಹೇಳಿ ಕಾರು ಹತ್ತಿಸೋಣ. ನೀನು ಪಕ್ಕದಲ್ಲಿ ಕೂತಿದ್ರೆ ಸಾಕು. ನನ್ನ ನಂಬಲ್ಲ ಅವನು.”

“ನಿಜ ಹೇಳಿದ್ರೆ?”

“ಓಡಿಹೋಗ್ತಾನೆ. ಇನ್ನೊಂದ್ಸಲ ಬಿದ್ರೆ ಉಳೀತಾನೇನೇ?”

ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುತ್ತಾಳೆ ದೊಡ್ಡಕ್ಕ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಆದರೆ ಅವಳು ಹೇಳಿದ್ದರಲ್ಲಿ ಸುಳ್ಳೇನಿದೆ? ಇನ್ನೊಂದು ಸಲ ಬಿದ್ದರೆ... ಹೂಂ ಅಂದೆ.

ಮಾರ್ಚ್ 6, ಮಧ್ಯಾಹ್ನ

ಓದಿದೆ. ದೇವರುಗಳು ಎರಡು ಸರಪಳಿ ಹಾಕಿದರು, ತೋಳ ಎರಡನ್ನೂ ಹರಿದುಹಾಕಿತು. ಆಮೇಲೆ ಬಂತು ರಿಬ್ಬನ್. ಬೆಕ್ಕಿನ ಹೆಜ್ಜೆಯ ಸದ್ದು, ಮೀನಿನ ಉಸಿರು — ಇಂಥ ಇಲ್ಲದ ವಸ್ತುಗಳನ್ನೇ ಸೇರಿಸಿ ನೇಯ್ದದ್ದು. ತೋಳಕ್ಕೆ ಅನುಮಾನ. ಇಷ್ಟು ನುಣುಪಾಗಿದೆ ಎಂದರೆ ಮೋಸವಿದೆ. ನಿಮ್ಮಲ್ಲೊಬ್ಬರು ನನ್ನ ಬಾಯೊಳಗೆ ಕೈಯಿಡಿ, ಆಗ ಕಟ್ಟಿಸಿಕೊಳ್ಳುತ್ತೇನೆ ಎಂದಿತು. ಯಾರೂ ಮುಂದೆ ಬರಲಿಲ್ಲ. ಅದಕ್ಕೆ ದಿನಾ ಊಟ ಹಾಕುತ್ತಿದ್ದವನೊಬ್ಬನೇ ಇಟ್ಟ. ರಿಬ್ಬನ್ ಬಿಗಿಯಿತು. ತೋಳ ಬಾಯಿ ಮುಚ್ಚಿತು, ಕೈ ಹೋಯಿತು. ದೇವರುಗಳೆಲ್ಲ ನಕ್ಕರು, ಅವನೊಬ್ಬ ನಗಲಿಲ್ಲ.

ಸಂಪಾದಕರಿಗೆ ಫೋನ್ ಮಾಡಿದೆ. “ಕೈ ಅಂದ್ರೆ ತ್ಯಾಗ ಮೇಡಂ, ಲೋಕಕಲ್ಯಾಣಕ್ಕೆ.”

ತ್ಯಾಗವಂತೆ, ಮಣ್ಣು! ಇಲ್ಲದ್ದನ್ನೆಲ್ಲ ಸೇರಿಸಿ ನೇಯುವುದು ಸುಳ್ಳನ್ನಲ್ಲವೇ? ಆ ರಿಬ್ಬನ್ ಸುಳ್ಳು. ಪ್ರೀತಿಯಿಂದ ಹೇಳಿದ ಸುಳ್ಳು. ಅದು ಬಿಗಿಯಬೇಕಾದರೆ ತೋಳ ನಂಬುವ ಕೈಯೇ ಬೇಕು, ಬೇರೆಯವರ ಕೈ ಆಗುವುದಿಲ್ಲ.

ಪುಸ್ತಕ ಮುಚ್ಚಿಟ್ಟೆ.

ಮಾರ್ಚ್ 8, ಸಂಜೆ

ತಮ್ಮನ ರೂಮಿಗೆ ಹೋಗಿದ್ದೆ. ಹಣೆಗೆ ಪಟ್ಟಿ. ಲೋಟ ಹಿಡಿಯಲು ಎರಡು ಕೈ ಬೇಕು ಅವನಿಗೆ, ಆಗಲೂ ಟೀ ಚೆಲ್ಲಿತು. ಅಮ್ಮ ಫ್ಯಾಕ್ಟರಿ ಶಿಫ್ಟಿಗೆ ಹೋದಾಗ ಅವನ ಬಾಯಿಗೆ ತುತ್ತಿಟ್ಟವಳು ನಾನು. ಬೆರಳು ಕಚ್ಚಿ ನಗುತ್ತಿದ್ದ, ಕಳ್ಳ.

“ಚಿಕ್ಕಕ್ಕ, ನಾಳೆ ಊಟಕ್ಕೆ ಕರೆದಿದ್ದಾಳೆ ದೊಡ್ಡಕ್ಕ. ಹತ್ತಕ್ಕೆ ಕಾರು ಕಳಿಸ್ತಾಳಂತೆ. ಏನೋ ಮಸಲತ್ತು ಇದೆ ಅಲ್ವಾ?”

ಚೆಲ್ಲಿದ ಟೀ ಒರೆಸತೊಡಗಿದೆ.

“ನೀನೂ ಬರ್ತೀಯಾ? ನೀನು ಬಂದ್ರೆ ಬರ್ತೀನಿ.”

ಹೂಂ ಎಂದು ತಲೆಯಾಡಿಸಿದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕೈಯನ್ನು ಬ್ಯಾಗಿನೊಳಗೆ ಇಟ್ಟುಕೊಂಡು ಕೂತಿದ್ದೆ. ಹುಚ್ಚು.

ಮಾರ್ಚ್ 9, ಭಾನುವಾರ

ಕಾರು ಬರುವ ಮೊದಲೇ ಹೋಗಿ ಹೇಳಿಬಿಟ್ಟೆ. ಊಟವಿಲ್ಲ. ಕೇಂದ್ರ. ಮೂರು ತಿಂಗಳು.

“ಬಾಗಿಲು ಹಾಕ್ತಾರಾ?”

“ಹಾಕ್ತಾರೆ.”

“ನೀನು ಒಳಗೆ ಇರ್ತೀಯಾ?”

“ಬಿಡಲ್ಲ ಕಣೋ. ವಾರಕ್ಕೊಂದ್ಸಲ ನೋಡಬಹುದಂತೆ.”

ಕಿರುಚಲಿಲ್ಲ. ನನ್ನ ಚಪ್ಪಲಿ ಎತ್ತಿ ಹೊರಗಿಟ್ಟ. “ಹೋಗು,” ಎಂದ.

ಕಾರು ಖಾಲಿ ವಾಪಸಾದ ಮೇಲೆ ದೊಡ್ಡಕ್ಕ ಫೋನಿನಲ್ಲಿ ಅಳುತ್ತಾ ಬೈದಳು: “ಸತ್ಯವಂತೆ ಬಂದ್ಬಿಟ್ಟಳು! ನಾಳೆ ಅವನಿಗೇನಾದ್ರೂ ಆದ್ರೆ ನಿನ್ನ ಸತ್ಯ ತಗೊಂಡು ಏನ್ಮಾಡ್ತೀಯೇ?”



ಮಾರ್ಚ್ 17

ಎಷ್ಟು ಸಲ ಫೋನ್ ಮಾಡಿದರೂ ತಮ್ಮ ಎತ್ತುತ್ತಿಲ್ಲ. ರೂಮಿಗೆ ಹೋದರೆ ಬೀಗ. ಮನೆಯ ಓನರ್ “ಬರ್ತಾನೆ, ಹೋಗ್ತಾನೆ” ಎಂದರು. ಬದುಕಿದ್ದಾನೆ ಎಂದಾಯಿತು. ದೊಡ್ಡಕ್ಕ ಮಾತು ಬಿಟ್ಟಿದ್ದಾಳೆ. ಇಡೀ ದಿನ ನನ್ನ ಧ್ವನಿ ಕೇಳಿದ್ದು ಹಾಲಿನವನಿಗೆ “ಅರ್ಧ ಲೀಟರ್” ಎಂದಾಗ ಮಾತ್ರ. ಒಬ್ಬಳೇ ಇರುವುದು ಅಭ್ಯಾಸವಾಗಿದೆ ಎಂದು ಎಲ್ಲರಿಗೂ ಹೇಳುತ್ತೇನೆ. ಆಗಿಲ್ಲ.

ಮುಖಪುಟ ಮುಗಿಯಿತು. ತೆರೆದ ಬಾಯಿ, ಒಳಗೆ ಒಂದು ಕೈ. ರಿಬ್ಬನ್ ನೆಲದ ಮೇಲೆ, ಬಿಚ್ಚಿದ ಹಾಗೆಯೇ ಬಿದ್ದಿದೆ.

“ಕಥೆಯಲ್ಲಿ ಕಟ್ತಾರಲ್ಲ ಮೇಡಂ?”

“ಕಥೆಯಲ್ಲಿ ಕಟ್ಟಲಿ. ನನ್ನ ಕೈಲಾಗಲ್ಲ.”

ಸಂಪಾದಕರು “ಇರಲಿ ಬಿಡಿ,” ಎಂದರು.

ಮಾರ್ಚ್ 21, ಬೆಳಿಗ್ಗೆ

ಈಗಷ್ಟೇ ಫೋನ್ ಬಂತು. ತಮ್ಮ! ನಾಲಿಗೆ ತೊದಲುತ್ತಿತ್ತು. ಬೆಳಿಗ್ಗೆಯೇ ಕುಡಿದಿದ್ದಾನೆ, ಹಾಳಾದವನು.

“ಚಿಕ್ಕಕ್ಕ, ಅವತ್ತು ಹೇಳಿದ್ದು... ಬಾಗಿಲು ಹಾಕ್ತಾರೆ ಅಂದ್ಯಲ್ಲ, ನಿಜಾನಾ?”

“ನಿಜ ಕಣೋ.”

“ಗಟ್ಟಿಯಾಗಿ ಹಾಕ್ತಾರಾ?”

“ಗಟ್ಟಿಯಾಗೇ.”



“ಹಾಕಲಿ. ಕೆಳಗಡೆ ನಿಂತಿದ್ದೀನಿ, ನಿನ್ನ ಮನೆ ಕೆಳಗೆ. ಬಾ. ಬಾಗಿಲ ತನಕ ಕೈ ಬಿಡಬೇಡ.”

ಕಿಟಕಿಯಿಂದ ಬಗ್ಗಿ ನೋಡಿದೆ. ನಿಂತಿದ್ದಾನೆ, ಬ್ಯಾಗನ್ನು ಎದೆಗವಚಿಕೊಂಡು. ಯಾಕೆ ಕೂತು ಬರೆಯುತ್ತಿದ್ದೇನೆ ನಾನು? ಕೈಯೆಲ್ಲ ಬಣ್ಣ, ತೊಳೆದುಕೊಂಡು — ಬೇಡ, ಹೀಗೇ ಹೋಗಿ ಅವನ ಕೈ ಹಿಡಿದು —