ಪುಣ್ಯವಂತೆ

೧೪ ಆಗಸ್ಟ್ ೧೯೯೮, ಶುಕ್ರವಾರ. ಗಂಡಸಿ

ಸೋಪು ಹಚ್ಚಿ ತೊಳೆದರೂ ಹಣೆಯ ಮೇಲೆ ಕುಂಕುಮ ಇನ್ನೂ ಇದ್ದಂತೆಯೇ ಇದೆ. ಲೋಲಾಕ್ಷಿಯ ಹೆಣದ ಮುಂದಿದ್ದ ಕುಂಕುಮ.

ಹೋದ ತಿಂಗಳು ಬಂದಿದ್ದಳು. "ಮೂರು ಹೆಣ್ಣವೆ. ಈ ಬಸುರು ಬ್ಯಾಡ ನರ್ಸಮ್ಮ" ಎಂದಳು. ಕಾನೂನಿದೆ, ಹೆದರಬೇಡ ಎಂದು ಪಟ್ಟಣದ ಆಸ್ಪತ್ರೆಗೆ ಕಳಿಸಿದೆ. ಗಂಡನ ಸಹಿ ತಾ ಎಂದು ಅವರು ವಾಪಸ್ಸು ಅಟ್ಟಿದರು. ಯಾವ ಕಾನೂನಿನಲ್ಲಿದೆಯೋ ಅದು, ನಾನು ಕಾಣೆ. ಗಂಡುಮಗುವಿಗೆ ಕಾದು ಕೂತವನ ಹತ್ತಿರ ಅವಳು ಸಹಿ ಕೇಳುವುದುಂಟೆ? ಬಸುರು ಇಳಿಸಲು ಯಾರ ಕೈಯಲ್ಲೋ ಕಡ್ಡಿ ಹಾಕಿಸಿಕೊಂಡಳು. ಮೈಗೆ ನಂಜು ಏರಿ ಇವತ್ತು ಬೆಳಿಗ್ಗೆ ಹೋದಳು. ಮನೆಯವರು ಕಾಮಾಲೆ ಎನ್ನುತ್ತಿದ್ದಾರೆ.

ಹಸಿರು ಬಳೆ ತೊಡಿಸಿ, ಹೂ ಮುಡಿಸಿ, ಮಡಿಲು ತುಂಬಿ ಕೂರಿಸಿದ್ದರು. ಹೆಂಗಸರು ಸಾಲಾಗಿ ಬಂದು ಅವಳ ಕಾಲು ಮುಟ್ಟಿ ಕುಂಕುಮ ಇಟ್ಟುಕೊಂಡರು. "ಮುತ್ತೈದೆ ಸಾವು, ಅದೂ ಶ್ರಾವಣ ಶುಕ್ರವಾರ. ಪುಣ್ಯವಂತೆ ಕಣ್ರವ್ವ" ಎಂದರು. ನಾನೂ ಇಟ್ಟುಕೊಂಡೆ.

ಆಮೇಲೆ ಅವಳತ್ತೆ ಮಹದೇವಮ್ಮ ಹಿರಿಯ ಮೊಮ್ಮಗಳನ್ನು ಮುಂದಕ್ಕೆ ಕರೆದರು. "ನಂಗೂ ಇಂತಾ ಸಾವೇ ಬರ್ಲಿ ಅಂತ ಬೇಡ್ಕೋ ಮಗ."

ಮಗು ಅಮ್ಮನ ಕಾಲು ಹಿಡಿದು, ಹೇಳಿಕೊಟ್ಟ ಹಾಗೆಯೇ ಬೇಡಿಕೊಂಡಿತು.