ಗಾಜಿಗೆ ಅಂಟಿಸಿದ ಗಿಣಿ

ಆಳಂದ
೬ ಫೆಬ್ರವರಿ ೧೯೯೭, ಗುರುವಾರ

ಪ್ರೀತಿಯ ಹೀರಾ ವೈನಿ,

ನಿಮಗೂ ಅಫಜಲಪುರದ ನಿಮ್ಮ ತವರುಮನೆಯ ಹಿರಿಯರೆಲ್ಲರಿಗೂ ಸುಭದ್ರೆಯ ಶರಣು. ಇವತ್ತು ಬೆಳಿಗ್ಗೆ ಅವ್ವ ಬಾಗಿಲ ಮುಂದೆ ಹಾಕಿದ ರಂಗೋಲಿಯನ್ನು ನೋಡುತ್ತ ಸುಮ್ಮನೆ ನಿಂತಿದ್ದೆ. ಗೆರೆ ನೆಟ್ಟಗೆ ಹೋದಲ್ಲೆಲ್ಲ ಪುಡಿ ತೆಳ್ಳಗೆ ಬಿದ್ದಿತ್ತು. ತಿರುಗಿದ ಕಡೆ ಮಾತ್ರ ಜೋಳದ ಕಾಳಿನಷ್ಟು ಗುಪ್ಪೆ. ಅವ್ವನ ಬೆರಳು ಅಲ್ಲಿ ಅರೆಗಳಿಗೆ ನಿಂತು, ಮುಂದೆ ಯಾವ ಕಡೆ ಹೋಗಲಿ ಎಂದು ಯೋಚಿಸಿರಬೇಕು. ಇಪ್ಪತ್ತೆರಡು ವರ್ಷ ಈ ಹೊಸ್ತಿಲು ದಾಟಿದ್ದೇನೆ, ಇದು ಕಣ್ಣಿಗೆ ಬಿದ್ದದ್ದು ಇವತ್ತೇ. ಯಾಕೆ ಬಿತ್ತು ಎನ್ನುವುದನ್ನು ಮುಂದೆ ಬರೆಯುತ್ತೇನೆ. ಮೊದಲು ನಿಮ್ಮ ಸುದ್ದಿ ಹೇಳಿ. ಕಾಲಿನ ಬಾವು ಇಳಿಯಿತೇ? ರಾತ್ರಿ ನಿದ್ದೆ ಬರುತ್ತದೆಯೇ? ಡಾಕ್ಟರು ಕೊಟ್ಟ ಗುಳಿಗೆಯನ್ನು ತಪ್ಪಿಸಬಾರದೆಂದು ಅವ್ವ ಎರಡು ಸಲ ಹೇಳಿ ಬರೆಸಿದ್ದಾಳೆ. ಅಣ್ಣ ಚೆನ್ನಾಗಿದ್ದಾನೆ. ನೀವಿದ್ದಾಗ ಪಲ್ಯಕ್ಕೆ ಉಪ್ಪು ಹೆಚ್ಚಾಯಿತೆಂದು ದಿನಾ ತಕರಾರು ಮಾಡುತ್ತಿದ್ದವನು ಈಗ ನಾನು ಮಾಡಿದ ಪಲ್ಯವನ್ನೂ ಮಾತಿಲ್ಲದೆ ಉಣ್ಣುತ್ತಾನೆ. ಅದರ ಅರ್ಥ ನಿಮಗೇ ಗೊತ್ತು.

ಕಂಪ್ಯೂಟರ್ ಕಲಿಯಲು ನನ್ನನ್ನು ದಬ್ಬಿ ಕಳಿಸಿದವರು ನೀವು. ಬಿ.ಎ. ಮುಗಿಸಿ ಕಿಟಕಿಯ ಹತ್ತಿರ ಪುಸ್ತಕ ಹಿಡಿದು ಕುಳಿತವಳನ್ನು ನೋಡಿ, "ದೇವರು ನಿನಗ ಬಾಯಿ ಉಣ್ಣಾಕಷ್ಟ ಕೊಟ್ಟಾನೇನ್ ಬೇ? ನಾಕ್ ಮಂದ್ಯಾಗ ಹೋಗು" ಎಂದಿರಿ. ಅಣ್ಣನನ್ನು ಒಪ್ಪಿಸಿದವರೂ ನೀವೇ. ಮೂರು ತಿಂಗಳು ಕಲಿಯಲಿ, ಕೆಲಸ ಸಿಕ್ಕರೆ ಮುಂದುವರಿಯಲಿ, ಸಿಗದಿದ್ದರೆ ಮನೆಯಲ್ಲಿರಲಿ ಎಂದು ಅವನು ಹೇಳಿದ್ದ. ಆ ಮೂರು ತಿಂಗಳು ಇದೇ ತಿಂಗಳ ಕೊನೆಗೆ ಮುಗಿಯುತ್ತದೆ. ಕೆಲಸ ಸಿಗುವ ಹಾಗಿದೆ ವೈನಿ. ಆದರೆ ಅದು ಸಿಗುತ್ತಿರುವ ರೀತಿಯನ್ನು ನಿಮಗೆ ಹೇಳದೆ ಇರಲಾರೆ. ಅದಕ್ಕಾಗಿಯೇ ಈ ಉದ್ದನೆಯ ಪತ್ರ.

ನಾನು ಕಲಿಯಲು ಹೋಗುವ, ಬಸ್ ಸ್ಟ್ಯಾಂಡ್ ಹಿಂದಿನ ಕಂಪ್ಯೂಟರ್ ಅಂಗಡಿಯ ಕರೀಮುನ್ನಿಸಾ ಆಪಾ ಅವರನ್ನು ನೀವು ನೋಡಿಲ್ಲ. ನೋಡಿದ್ದರೆ ನಿಮಗೆ ಬಹಳ ಹಿಡಿಸುತ್ತಿದ್ದರು. ಹತ್ತನೇ ತರಗತಿಯವರೆಗೆ ಓದಿದವರು. ಆರು ತಿಂಗಳು ದಿನವೂ ಕಲಬುರ್ಗಿಗೆ ಬಸ್ಸಿನಲ್ಲಿ ಹೋಗಿ ಕೋರೆಲ್ ಡ್ರಾ ಕಲಿತು ಬಂದರು. ಅದು ಚಿತ್ರ ಬರೆಯುವ ಪ್ರೋಗ್ರಾಂ. ಇಂಗ್ಲಿಷಿನಲ್ಲಿರುವ ಅದರ ಪುಸ್ತಕದ ಪ್ರತಿ ಪುಟದ ಅಂಚಿನಲ್ಲೂ ಉರ್ದುವಿನಲ್ಲಿ ತಮ್ಮದೇ ಟಿಪ್ಪಣಿ ಬರೆದಿಟ್ಟುಕೊಂಡಿದ್ದಾರೆ. ಒಂದೇ ಕುರ್ಚಿಯಲ್ಲಿ ಕುಳಿತು ಬೆಳಿಗ್ಗೆ ನಿಕಾಹ್ ಕಾರ್ಡನ್ನು ಬಲದಿಂದ ಎಡಕ್ಕೆ, ಮಧ್ಯಾಹ್ನ ನಮ್ಮವರ ಲಗ್ನಪತ್ರಿಕೆಯನ್ನು ಎಡದಿಂದ ಬಲಕ್ಕೆ ಜೋಡಿಸುತ್ತಾರೆ. ಎರಡರಲ್ಲೂ ಹಿರಿಯರ ಹೆಸರುಗಳ ಸಾಲು ತಪ್ಪುವುದಿಲ್ಲ. ಕರೆಂಟಿನ ಭರವಸೆ ಇಲ್ಲದ ಊರಿನಲ್ಲಿ ಮಾಡಿದ ಕೆಲಸವನ್ನು ಆಗಾಗ ಉಳಿಸಿಡಬೇಕಲ್ಲ, ಅದನ್ನು ನನಗೆ ಕಲಿಸಿದ್ದು ಹೀಗೆ: "ನೀರ್ ಕುಡದ ಮ್ಯಾಲ ಬಾಯಿ ಒರಸ್ಕೋತಿಲ್ಲ, ಹಂಗ. ಯೋಚನಿ ಮಾಡಬಾರದು, ಕೈ ತಾನs ಹೋಗಬೇಕು." ಈಗ ಉಳಿಸುವ ಎರಡು ಕೀಲಿಗಳ ಮೇಲೆ ನನ್ನ ಎಡಗೈ ತಾನೇ ಹೋಗುತ್ತದೆ. ಮೊನ್ನೆ ಅವ್ವನ ಜೊತೆ ಅಕ್ಕಿ ಆರಿಸುವಾಗಲೂ ಎಡಗೈಯ ಎರಡು ಬೆರಳು ಮೊರದ ಅಂಚನ್ನು ಒತ್ತಿದವು.

ಕಲಿತದ್ದೇನು ಎಂದು ನೀವು ಕೇಳುತ್ತೀರಿ. ಮೊದಲ ವಾರ ಚೌಕ, ಎರಡನೇ ವಾರ ಗುಂಡು. ಒಂದು ಕೀಲಿಯನ್ನು ಒತ್ತಿ ಹಿಡಿದರೆ ಗುಂಡು ಸರಿಯಾಗಿ ಬಳೆಯಷ್ಟು ದುಂಡಗೆ ಬರುತ್ತದೆ, ಬಿಟ್ಟರೆ ಮೊಟ್ಟೆ. ಆಮೇಲೆ ಬಣ್ಣ ತುಂಬುವುದು, ಒಂದರ ಮೇಲೊಂದು ಇಡುವುದು, ಕೂಡಿಸಿ ಕಟ್ಟುವುದು. ನಿಜವಾದ ಕೆಲಸ ಸೊಟ್ಟ ಗೆರೆಯದು. ಅಲ್ಲಿ ಗೆರೆಯನ್ನು ಎಳೆಯುವುದೇ ಇಲ್ಲ ವೈನಿ. ಅಲ್ಲಲ್ಲಿ ಬಿಂದು ಇಡಬೇಕು. ಪ್ರತಿ ಬಿಂದುವಿಗೂ ಎರಡು ಮೀಸೆಯಂಥ ಹಿಡಿಕೆಗಳಿರುತ್ತವೆ. ಅವನ್ನು ಎಳೆದ ಕಡೆಗೆ ಗೆರೆ ಬಾಗುತ್ತದೆ. ಯಂತ್ರ ಚಿತ್ರವನ್ನು ನೆನಪಿಡುವುದಿಲ್ಲ, ಬಿಂದುಗಳನ್ನೂ ಬಾಗಿದ ರೀತಿಯನ್ನೂ ನೆನಪಿಡುತ್ತದೆ. ಅದಕ್ಕೇ ಅದೇ ಚಿತ್ರವನ್ನು ಬೆಂಕಿಪೊಟ್ಟಣದ ಮೇಲೆ ಹಾಕಿದರೂ ಗೋಣಿಚೀಲದ ಮೇಲೆ ಹಾಕಿದರೂ ಅಂಚು ಒಡೆಯುವುದಿಲ್ಲ. ನಾನು ಮೊದಲ ಸಲ ಮಾವಿನಕಾಯಿಯ ಚಿತ್ರ ತೆಗೆದಾಗ ಅದರ ಸುತ್ತ ಒತ್ತೊತ್ತಾಗಿ ಅರವತ್ತು ಬಿಂದು ಇಟ್ಟಿದ್ದೆ. ಕೌದಿ ಹೊಲಿಯುವ ಮನೆಯಲ್ಲಿ ಬೆಳೆದ ಕೈ, ಗೆರೆ ಅಂದರೆ ಸಾಲು ಹೊಲಿಗೆ ಎಂದೇ ತಿಳಿದಿತ್ತು. ಆಪಾ ಎಣಿಸಿ ನಕ್ಕರು. "ಅರೆ ಬೇಟಿ, ಇದು ಕೌದಿ ಅಲ್ಲ. ಇಷ್ಟ್ ಹೊಲಿಗಿ ಹಾಕಿದ್ರ ಗೆರಿಗೆ ಉಸಿರಾಡಾಕ ಜಾಗಾ ಎಲ್ಲಿ?" ಎಂದು ಐವತ್ತಾರು ಬಿಂದು ಅಳಿಸಿದರು. ಉಳಿದ ನಾಲ್ಕರ ಹಿಡಿಕೆಗಳನ್ನು ಎಳೆದರು. ಮಾವಿನಕಾಯಿ ಗಿಡದಿಂದ ಆಗಷ್ಟೇ ಕಿತ್ತಂತೆ ಕುಳಿತಿತು. ತಿರುಗುವ ಜಾಗ ಗೊತ್ತಿರಬೇಕು, ನಡುವಿನ ದಾರಿ ತಾನೇ ಬರುತ್ತದೆ ಎನ್ನುವುದು ಅವರ ಪಾಠ. ಬೆಳಗಿನ ರಂಗೋಲಿಯಲ್ಲಿ ನಾನು ನೋಡಿದ್ದು ಅದನ್ನೇ.

ಹದಿನೈದು ದಿನದ ಹಿಂದೆ ಜೇವರ್ಗಿಯಿಂದ ಬೀರಲಿಂಗಪ್ಪ ಎನ್ನುವವರು ಬಂದರು. ತೊಗರಿ ಬೇಳೆಯ ಮಿಲ್ಲು ಹಾಕಿದ್ದಾರಂತೆ, ಚೀಲದ ಮೇಲೆ ಹಾಕಲು ಗಿಣಿಯ ಮಾರ್ಕು ಬೇಕು ಎಂದರು. ಗಿಣಿಯೇ ಯಾಕೆ ಎಂದು ಆಪಾ ಕೇಳಿದ್ದಕ್ಕೆ, "ಛಲೋ ತೊಗರಿ ಯಾವ ಹೊಲದಾಗ ಅದ ಅನ್ನೂದು ನಮಗಿಂತ ಮೊದಲ ಗಿಣಿಗೆ ತಿಳೀತದ್ರಿ. ಕಲ್ಲ ಒಗದ್ ಒಗದ್ ನನ್ನ ಭುಜಾ ಬಿದ್ದು ಹೋಗ್ಯಾವ" ಎಂದು ತೋಳು ತಿರುಗಿಸಿ ತೋರಿಸಿದರು. ಅವರು ಹೋದ ಮೇಲೆ ಆಪಾ ಆ ಕೆಲಸವನ್ನು ನನಗೆ ಕೊಟ್ಟರು. ಇದನ್ನು ಮಾಡಿ ತೋರಿಸು, ಮೂರು ತಿಂಗಳು ಮುಗಿದ ಮೇಲೆ ಕಲಿಯುವವಳಾಗಿ ಅಲ್ಲ, ಸಂಬಳದ ಕೆಲಸಕ್ಕೆ ಬಾ ಎಂದರು. ಮನೆಯಲ್ಲಿ ಮೊದಲು ಕಾಗದದ ಮೇಲೆ ಚಿತ್ರ ಬರೆದುಕೊಂಡು ಬರಲು ಹೇಳಿದರು. ನಾನು ಮೂರು ದಿನ ಕುಳಿತು ಹನ್ನೊಂದು ಗಿಣಿ ತೆಗೆದೆ. ಒಂದೂ ಗಿಣಿಯಾಗಲಿಲ್ಲ. ಅವ್ವ ಒಂದನ್ನು ನೋಡಿ ಕೋಳಿಗೆ ಏನಾಗಿದೆ ಎಂದು ಕೇಳಿದಳು.

ಆಗ ನಿಮ್ಮ ಟ್ರಂಕು ತೆಗೆದೆ ವೈನಿ. ದಿಂಬಿನ ಗವಸಿಗೆಂದು ನೀವು ಕಾಗದದ ಮೇಲೆ ತೆಗೆದಿಟ್ಟ ಗಿಣಿ, ಅರ್ಧ ಕಸೂತಿ ಹಾಕಿ ಬಿಟ್ಟು ಹೋದ ಬಟ್ಟೆಯ ಜೊತೆ ಮಡಚಿ ಇಟ್ಟಿತ್ತು. ಕೇಳದೆ ತೆಗೆದುಕೊಂಡೆ. ನೋಡಿ ಕಲಿಯುತ್ತೇನೆ, ಆಮೇಲೆ ನನ್ನದನ್ನು ತೆಗೆಯುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಮರುದಿನ ಅಂಗಡಿಗೆ ಒಯ್ದದ್ದು ನಿಮ್ಮ ಕಾಗದವನ್ನೇ.

ಕಾಗದದ ಚಿತ್ರವನ್ನು ಯಂತ್ರದೊಳಗೆ ಕಳಿಸುವ ಸ್ಕ್ಯಾನರ್ ನಮ್ಮಲ್ಲಿಲ್ಲ. ಆಪಾ ಅದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ದವಾಖಾನೆಯಲ್ಲಿ ಬೇಡವಾದ ಎಕ್ಸ್-ರೇ ಹಾಳೆಗಳನ್ನು ತಂದು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ನೆನೆಸಿ ಉಜ್ಜುತ್ತಾರೆ. ಹಾಳೆ ಗಾಜಿನಂತೆ ತಿಳಿಯಾಗುತ್ತದೆ. ಅದನ್ನು ಚಿತ್ರದ ಮೇಲಿಟ್ಟು ಸ್ಕೆಚ್ ಪೆನ್ನಿನಿಂದ ಗೆರೆ ಎತ್ತಿಕೊಳ್ಳುವುದು, ಆಮೇಲೆ ಹಾಳೆಯನ್ನು ಕಂಪ್ಯೂಟರಿನ ಗಾಜಿಗೆ ಟೇಪಿನಿಂದ ಅಂಟಿಸುವುದು, ಅದರ ಹಿಂದೆ ಬಾಣದ ಗುರುತನ್ನು ಓಡಿಸುತ್ತ ಬಿಂದು ಇಡುತ್ತ ಹೋಗುವುದು. ಗಾಜು ಉಬ್ಬಿದೆ, ತಲೆ ಅಲುಗಿದರೆ ಗೆರೆ ಸರಿದಂತೆ ಕಾಣುತ್ತದೆ. ಅದಕ್ಕೇ ಒಂದು ಕಣ್ಣು ಮುಚ್ಚಿ ಅಲುಗದೆ ಕೂಡಬೇಕು. ನನಗೆ ಸಿಕ್ಕ ಹಾಳೆಯಲ್ಲಿ ಯಾರದೋ ಪಕ್ಕೆಲುಬಿನ ನೆರಳು ಸ್ವಲ್ಪ ಉಳಿದಿತ್ತು. ನಿಮ್ಮ ಗಿಣಿ ಅದರ ಮೇಲೆ ಕೊಂಬೆಯ ಮೇಲೆ ಕುಳಿತಂತೆ ಕುಳಿತಿತ್ತು. ನಾನು ಕಣ್ಣಿನ ಭಾಗ ಸರಿಯಾಗಿ ಕಾಣಲೆಂದು ಒಳಗಿನ ಚಿತ್ರವನ್ನು ದೊಡ್ಡದು ಮಾಡಿದೆ, ಅದನ್ನು ಮರೆತು ಬಾಲವನ್ನೂ ಹಾಗೆಯೇ ಮುಗಿಸಿದೆ. ಒಳಗಿನದು ಬೆಳೆದಿತ್ತು, ಗಾಜಿನ ಮೇಲಿನದು ಬೆಳೆದಿರಲಿಲ್ಲ. ಮತ್ತೆ ಚಿಕ್ಕದು ಮಾಡಿದಾಗ ಗಿಣಿಯ ಮೈಗೆ ಗುಬ್ಬಿಯ ಬಾಲ. ಆಪಾ ಕುರ್ಚಿ ಹಿಡಿದುಕೊಂಡು ನಕ್ಕರು. ನನಗೂ ನಗು ಬಂತು. ಅಂಗಡಿಯಲ್ಲಿ ನಾನು ಸದ್ದು ಮಾಡಿ ನಕ್ಕದ್ದು ಅದೇ ಮೊದಲು.

ಎರಡನೇ ಸಲ ತೆಗೆಯುವಾಗ ಒಂದು ಸಂಗತಿ ತಿಳಿಯಿತು. ಅದನ್ನು ನಿಮಗೆ ಹೇಳಲೇಬೇಕು. ನನ್ನ ಹನ್ನೊಂದು ಗಿಣಿಗಳ ಯಾವ ಬೆನ್ನಿಗೂ ಹದಿನೈದು ಬಿಂದುವಿಗಿಂತ ಕಡಿಮೆ ಸಾಲುತ್ತಿರಲಿಲ್ಲ. ನಿಮ್ಮ ಗಿಣಿಯ ನೆತ್ತಿಯಿಂದ ಬಾಲದ ತುದಿಯವರೆಗಿನ ಗೆರೆ ಮೂರು ಬಿಂದುಗಳಲ್ಲಿ ಬಂತು. ನಾಲ್ಕನೆಯದನ್ನು ಇಟ್ಟು ನೋಡಿದೆ, ಗೆರೆ ಕೆಟ್ಟಿತು. ತೆಗೆದೆ, ಸರಿಯಾಯಿತು. ಕೊಕ್ಕಿಗೆ ಎರಡು, ಎದೆಗೆ ಎರಡು. ಆಪಾ ಬಂದು ಹಿಂದೆ ನಿಂತು ಬಹಳ ಹೊತ್ತು ನೋಡಿದರು. "ಈ ಗೆರಿ ಎಳದ ಕೈ ಎಲ್ಲೂ ಅಂಜಿಲ್ಲ ನೋಡು. ಒಂದs ಉಸಿರನ್ಯಾಗ ಎಳದದ" ಎಂದರು. ನೀವು ಒಲೆಯ ಮುಂದಿನ ಕೆಲಸ ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲ್ ಆಡಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅಲಂಕಾರ, ಛಂದಸ್ಸು ಎಲ್ಲ ಓದಿದ ನಾನು ಅದನ್ನು ಒಂದು ಸಲವೂ ಓದಿರಲಿಲ್ಲ. ನೀವು ಏಳನೇ ತರಗತಿಗೆ ಬಿಟ್ಟವರು ಎಂದು ನಾವೆಲ್ಲ ಎಷ್ಟು ಸಲೀಸಾಗಿ ಹೇಳುತ್ತೇವೆ.

ಅದೇ ಹೊತ್ತಿಗೆ ಬೀರಲಿಂಗಪ್ಪ ಬಂದರು. ಗಿಣಿಯನ್ನು ನೋಡಿ ರುಮಾಲು ತೆಗೆದು ಮತ್ತೆ ಹಾಕಿಕೊಂಡರು. "ಯಾರ್ ತೆಗದಾರ್ರಿ ಇದನ್ನ?" ಎಂದು ಕೇಳಿದರು. ಆಪಾ ನನ್ನ ಭುಜದ ಮೇಲೆ ಕೈಯಿಟ್ಟು, "ನಮ್ಮ ಹುಡುಗಿ ತೆಗದಾಳ್ರಿ" ಎಂದರು. ಮನೆಯಿಂದ ತಂದ ಕಾಗದ ನನ್ನದೇ ಎಂದು ಅವರು ತಿಳಿದಿದ್ದರು. ನಾನು ತಲೆ ತಗ್ಗಿಸಿದೆ. ನಾಚಿಕೆಯಿಂದ ಸುಮ್ಮನಾದೆ ಎಂದು ನಿಮಗೆ ಬರೆಯಬಹುದು, ನೀವು ನಂಬುತ್ತೀರಿ ಕೂಡ. ಅದು ಸುಳ್ಳು. ಆ ಕೈ ಭುಜದ ಮೇಲೆ ಇದ್ದಷ್ಟು ಹೊತ್ತು ನನಗೆ ಹಿತವಾಗಿತ್ತು. ಇನ್ನೂ ಸ್ವಲ್ಪ ಹೊತ್ತು ಇರಲಿ ಎನಿಸಿತ್ತು.

ಅದು ಆಗಿ ಎಂಟು ದಿನವಾಯಿತು. ಕೆಲಸ ನನ್ನದೇ ಎಂದು ಆಪಾ ಹೇಳಿಬಿಟ್ಟಿದ್ದಾರೆ. ಅಣ್ಣನಿಗೆ ಗೊತ್ತಾಗಿ ಪೇಡೆ ತಂದಿದ್ದ. ನಿನ್ನೆ ಹೋಗಿ ನೋಡಿದರೆ ಆಪಾ ಗಿಣಿಯನ್ನು ದೊಡ್ಡದಾಗಿ ಮುದ್ರಿಸಿ ಗೋಡೆಗೆ ಅಂಟಿಸಿದ್ದರು. ಕೆಳಗೆ ನನ್ನ ಹೆಸರು, ಕನ್ನಡದಲ್ಲಿ ಒಮ್ಮೆ, ಉರ್ದುವಿನಲ್ಲಿ ಒಮ್ಮೆ. ಉರ್ದು ನನಗೆ ಓದಲು ಬರುವುದಿಲ್ಲ. ಆದರೂ ಅದರ ಕಡೆ ನೋಡಲಾಗದೆ ದಿನವೆಲ್ಲ ಗೋಡೆಗೆ ಬೆನ್ನು ಮಾಡಿ ಕುಳಿತೆ. ಏನು ಮಾಡಲಿ ಎಂದು ನಿಮ್ಮನ್ನು ಕೇಳುವುದಿಲ್ಲ. ಕೇಳಿದರೆ "ಇರಲಿ ಬಿಡು ಬೇ, ಒಂದು ಗಿಣಿ ಏನ್ ದೊಡ್ಡದು" ಎನ್ನುತ್ತೀರಿ. ಅದನ್ನು ನಿಮ್ಮಿಂದ ಹೇಳಿಸಿಕೊಳ್ಳುವುದು ಎರಡನೇ ಕಳವು. ಕಾಗದವನ್ನು ಇದ್ದ ಮಡಿಕೆಯಲ್ಲೇ ಮಡಚಿ ಟ್ರಂಕಿನಲ್ಲಿ ಇಟ್ಟಿದ್ದೇನೆ. ಸೂಜಿ ಚುಚ್ಚಿಟ್ಟ ಬಟ್ಟೆಯನ್ನು ನಾನು ಮುಟ್ಟಿಲ್ಲ. ಉಳಿದ ಅರ್ಧ ರೆಕ್ಕೆ ನಿಮ್ಮದೇ.

ಮೈ ಕಡೆ ನಿಗಾ ಇರಲಿ. ನಿಮ್ಮ ತಾಯಿಯವರು ಕೊಟ್ಟದ್ದನ್ನು ಬೇಡ ಎನ್ನದೆ ಉಣ್ಣಿರಿ. ನಿಮ್ಮ ಅಪ್ಪ ಚಂದ್ರಾಮಪ್ಪನವರಿಗೆ ನನ್ನ ಶರಣು ತಿಳಿಸಿರಿ. ಅವ್ವನ ಆಶೀರ್ವಾದಗಳು. ಪತ್ರ ಬರೆಯುತ್ತಿದ್ದೇನೆ ಎಂದಾಗ ಅಣ್ಣ ಬಾಗಿಲವರೆಗೆ ಬಂದು, ಅಂಚೆಚೀಟಿ ಇದೆಯೇ ಎಂದು ಕೇಳಿ ಹೋದ.

ನಿಮ್ಮ ನಾದಿನಿ,
ಸುಭದ್ರಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ಅವಸರದಲ್ಲಿ ನಾಲ್ಕು ಸಾಲು. ಗಿಣಿಯನ್ನು ಒಯ್ಯಲು ಬೀರಲಿಂಗಪ್ಪನವರ ಮನುಷ್ಯ ಶನಿವಾರ ಬರುತ್ತಾನೆ. ನಾಳೆ ಶುಕ್ರವಾರ ಅಂಗಡಿ ತೆರೆದ ಕೂಡಲೇ, ಯಂತ್ರ ಚಾಲೂ ಮಾಡುವ ಮೊದಲೇ, ಆ ಗಿಣಿ ನಿಮ್ಮದು ಎಂದು ಆಪಾ ಅವರಿಗೆ ಹೇಳುತ್ತೇನೆ. ನೀವು ಹೂಂ ಎನ್ನುವವರೆಗೆ ಅದನ್ನು ಜೇವರ್ಗಿಗೆ ಕಳಿಸಬೇಡಿರೆಂದೂ ಕೇಳಿಕೊಳ್ಳುತ್ತೇನೆ. ಕೆಲಸ ಉಳಿಯುತ್ತದೋ ಹೋಗುತ್ತದೋ ಗೊತ್ತಿಲ್ಲ. ಹೇಳುವವರೆಗೆ ಈ ಪತ್ರ ನನ್ನ ಚೀಲದಲ್ಲೇ ಇರುತ್ತದೆ, ಹೇಳಿದ ಮೇಲೆಯೇ ಅಂಚೆಗೆ ಹಾಕುತ್ತೇನೆ. ಆದ್ದರಿಂದ ವೈನಿ, ಇದು ನಿಮ್ಮ ಕೈಗೆ ಬಂದಿದ್ದರೆ, ಹೇಳಿ ಆಗಿದೆ ಎಂದು ತಿಳಿಯಿರಿ.