ಮೊಳೆಗೆ ನೇತುಹಾಕಿದ ಹಳದಿ ಹೆಲ್ಮೆಟ್ಟು

ಭಾವನ ಬೀಗದ ಅಂಗಡಿಯಿಂದ,
ಹದಿನೇಳನೇ ತಾರೀಕು, ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಸೊಂಟ ಹೇಗಿದೆ? ವಾರ್ಡಿನ ಹೊರಗೆ ರೋಗಿಯ ಕಡೆಯವರಿಗೆಂದು ಹಾಕಿರುವ ಬೆಂಚಿನ ಮೇಲೆ ಹೋದ ಭಾನುವಾರ ನಾನೂ ಅರ್ಧ ಗಂಟೆ ಕೂತಿದ್ದೆನಲ್ಲ, ಅದನ್ನು ಮಾಡಿದ ಪುಣ್ಯಾತ್ಮ ಮನುಷ್ಯರು ಕೂರುವುದನ್ನು ಜನ್ಮದಲ್ಲಿ ನೋಡಿದ ಹಾಗಿಲ್ಲ. ನೀನು ಅದರ ಮೇಲೆ ಇಪ್ಪತ್ತಮೂರು ದಿನ ಕಳೆದಿದ್ದೀಯ. ನೀನು ವಾಪಸ್ ಬಂದ ಮೇಲೆ ನಮ್ಮ ಮನೆಯ ಮೆತ್ತನೆ ಕುರ್ಚಿ ಸದಾ ನಿನಗೇ ಮೀಸಲು ಎಂದು ನನ್ನವಳೂ ನಾನೂ ಸಭೆ ಸೇರಿ ಸರ್ವಾನುಮತದಿಂದ ನಿರ್ಣಯ ಅಂಗೀಕರಿಸಿದ್ದೇವೆ. ಭಾವನ ಹೊಲಿಗೆ ಬಿಚ್ಚಿದರಂತೆ, ಚಮಚ ತಾವೇ ಹಿಡಿದರಂತೆ, ನರ್ಸಮ್ಮನ ಬೀರುವಿನ ಬೀಗ ಬಿಗಿಯಾಗಿದೆ ಎಂದು ಮಲಗಿದಲ್ಲಿಂದಲೇ ತಕರಾರು ತೆಗೆದರಂತೆ. ನಿನ್ನ ಕಾಗದದಲ್ಲಿ ಇದನ್ನು ಓದಿ ಎಷ್ಟು ಸಮಾಧಾನವಾಯಿತೆಂದರೆ ಎರಡು ಸಲ ಓದಿದೆ. ನಿನ್ನ ಗಿಡಗಳಿಗೆ ದಿನಾ ನೀರು ಹಾಕುತ್ತಿದ್ದೇನೆ. ಒಂದು ಗಿಡ ಒಣಗಿದೆ. ಅದು ನಾನು ನೀರು ಹಾಕಿದ್ದಕ್ಕೇ ಒಣಗಿದ್ದು ಎಂದು ನನ್ನವಳ ವಾದ.

ಲಕೋಟೆ ಒಡೆಯುವಾಗ ಸಣ್ಣದೊಂದು ಸಿಪ್ಪೆ ಕೆಳಗೆ ಬಿದ್ದಿದ್ದರೆ ಎಸೆಯಬೇಡ. ಕಸ ಕಂಡರೆ ನಿನ್ನ ಕೈ ಸುಮ್ಮನಿರುವುದಿಲ್ಲ, ಅದಕ್ಕೇ ಮೊದಲೇ ಹೇಳಿದೆ. ಅದು ಏನು, ಯಾಕೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ. ವಾರ್ಡಿನ ಹೊರಗೆ ನಿಂತು ಫೋನಿನಲ್ಲಿ ಎಲ್ಲ ಹೇಳಲಾಗದೆಂದು ನೀನು ಕಾಗದ ಬರೆದೆ ಸರಿ, ಇವನು ಯಾಕೆ ಬರೆದ ಎಂದು ನಿನಗೆ ಅನುಮಾನ ಬಂದಿರುತ್ತದೆ. ಮೂರು ಸಲ ಫೋನು ಮಾಡಿದೆ ಅಕ್ಕ. ಮೂರು ಸಲವೂ ಹೇಳಬೇಕಾದ್ದನ್ನು ಗಂಟಲವರೆಗೆ ತಂದು, ಕೊನೆಗೆ ಒಂದು ಜೋಕು ಹೇಳಿ ಇಟ್ಟುಬಿಟ್ಟೆ. ನಿನ್ನ ತಮ್ಮನಿಗೆ ಇರುವ ಕಸುಬು ಅದೊಂದೇ ನೋಡು. ಕಾಗದಕ್ಕಾದರೆ ಎದುರಿಗೆ ಯಾರೂ ನಗುವವರಿರುವುದಿಲ್ಲ.

ಅಂಗಡಿ ನೀನು ಬಿಟ್ಟುಹೋದ ಹಾಗೇ ಇದೆ. ಗೋಡೆ ತುಂಬ ಕೀಗಳು ನೇತಾಡುತ್ತಿವೆ, ಫ್ಯಾನು ಹಾಕಿದರೆ ಅಷ್ಟೂ ಕಿಣಿಕಿಣಿ ಎನ್ನುತ್ತವೆ. ಕೀ ಕೊರೆಯುವ ಮಿಷನ್ನಿನ ಪಕ್ಕದಲ್ಲಿ ನನ್ನ ಲೇಖನ ಅಂಟಿಕೊಂಡಿದೆ. ಅದೇ, ಸೈಕಲ್ ಹೊಡೆಯುವವರೆಲ್ಲ ಹೆಲ್ಮೆಟ್ ಹಾಕಬೇಕೆಂದು ಕಾನೂನು ಮಾಡುತ್ತೇವೆ ಎಂದು ನಗರಸಭೆಯವರು ಹೊರಟಾಗ ಬರೆದದ್ದು. ಇವತ್ತು ಸೈಕಲ್ಲಿಗೆ ಹೆಲ್ಮೆಟ್ಟು, ನಾಳೆ ಮೆಟ್ಟಿಲು ಹತ್ತುವವರಿಗೆ ಹೆಲ್ಮೆಟ್ಟು, ನಾಡಿದ್ದು ಮಂಚದಿಂದ ಉರುಳುವವರಿಗೆ, ಮದುವೆಯಾಗುವವರಿಗೆ ಮಾತ್ರ ಎರಡೆರಡು ಎಂದೆಲ್ಲ ಬರೆದು ಊರನ್ನು ನಗಿಸಿದ್ದೆ. ಅದರ ನಾಯಕರು ಯಾರೆಂದು ಎಲ್ಲರಿಗೂ ಗೊತ್ತಾಗಿತ್ತು. ಊರ ಬಾಗಿಲಿಗೆಲ್ಲ ಬೀಗ ಹಾಕಿ ಸಾಲದೆ ತಮ್ಮ ಬುರುಡೆಗೂ ಬೀಗ ಜಡಿದುಕೊಂಡು, ಹಳದಿ ಕುಂಬಳಕಾಯಿ ಹೊತ್ತು ಸೈಕಲ್ ಮೇಲೆ ಸಂಚರಿಸುವ ಶ್ರೀಮಾನ್ ಶಿರಸ್ತ್ರಾಣರು. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಅದಿಲ್ಲದೆ ಪೆಡಲ್ ತುಳಿಯದ ನಮ್ಮ ಭಾವ. ಬೇರೆ ಯಾರಾದರೂ ಆಗಿದ್ದರೆ ನನ್ನ ಮನೆಯ ಬೀಗದೊಳಗೆ ಮೇಣ ತುಂಬುತ್ತಿದ್ದರು. ಭಾವ ಪತ್ರಿಕೆ ಕತ್ತರಿಸಿ ಗೋಡೆಗೆ ಅಂಟಿಸಿದರು. ಅಂಚಿನಲ್ಲಿ ಕೆಂಪು ಪೆನ್ನಿನಲ್ಲಿ ತಿದ್ದುಪಡಿ ಬೇರೆ. "ಬರೀ ಹಳದಿ ಅಲ್ಲ ಲೇಖಕರೇ, ನಿಂಬೆ ಹಳದಿ. ದಾಖಲೆ ಸರಿ ಇರಲಿ" ಎಂದರು. ಮಾರನೆಯ ದಿನವೂ ಅದನ್ನೇ ಹಾಕಿಕೊಂಡು, ಶಾಲೆಯ ಮಕ್ಕಳು "ಕುಂಬಳಕಾಯಿ ಅಂಕಲ್" ಎಂದರೆ ಗಂಟೆ ಹೊಡೆದು ಹೋಗುತ್ತಿದ್ದರು.

ಅಂಥವರು ಆ ದಿನ ಬರಿತಲೆಯಲ್ಲಿ ಹೋದರು. ಬಚ್ಚಲಿನಲ್ಲಿ ಸಿಕ್ಕಿಹಾಕಿಕೊಂಡ ಅಜ್ಜಿಯೊಬ್ಬರನ್ನು ಬಿಡಿಸಲು ಅವಸರದಲ್ಲಿ ಹೊರಟವರು, ಅಂಚೆ ಕಚೇರಿಯ ತಿರುವಿನಲ್ಲಿ ಯಾರೋ ಹಿಂದೆ ನೋಡದೆ ತೆರೆದ ಕಾರಿನ ಬಾಗಿಲಿಗೆ ಬಡಿದು ರಸ್ತೆಗೆ ಬಿದ್ದರು. ಅಜ್ಜಿ ಈಗ ದಿನ ಬಿಟ್ಟು ದಿನ ಅಂಗಡಿಗೆ ಬಂದು ಭಾವನನ್ನು ವಿಚಾರಿಸುತ್ತಾರೆ. ಚಿಲಕವನ್ನು ಮೇಲಕ್ಕೆ ಎತ್ತಬೇಕಿತ್ತಂತೆ, ಇವರು ಕೆಳಕ್ಕೆ ಒತ್ತುತ್ತಿದ್ದರಂತೆ. "ನಾನೇ ಈಚೆ ಬಂದೆ ಕಣಪ್ಪ, ಆ ಪುಣ್ಯಾತ್ಮ ಬರೋದ್ರೊಳಗೆ" ಎಂದು ಕಣ್ಣು ಒರೆಸಿಕೊಂಡು, ಬಂದದ್ದಕ್ಕೆ ಒಂದು ಕೀ ಮಾಡಿಸಿಕೊಂಡು ಹೋಗಲು ನೋಡುತ್ತಾರೆ. ಪಾಪ, ತಮ್ಮಿಂದಲೇ ಹೀಗಾಯಿತು ಎಂದುಕೊಂಡಿದ್ದಾರೆ. ಅಲ್ಲಜ್ಜಿ ಎಂದು ಹೇಳಲು ಬಾಯಿ ತೆರೆಯುತ್ತೇನೆ, ಮಿಷನ್ನು ಕೆಟ್ಟಿದೆ, ನಾಳೆ ಬನ್ನಿ ಎಂದು ಕಳಿಸುತ್ತೇನೆ.

ಆ ಸಂಜೆ ನಿನಗೆ ನೆನಪಿದೆ ತಾನೇ. ಬಟ್ಟೆ ತೆಗೆದುಕೊಂಡು ಹೋಗಲು ಇಬ್ಬರೂ ನಿಮ್ಮ ಮನೆಗೆ ಬಂದೆವು. ಬಾಗಿಲ ಹಿಂದಿನ ಮೊಳೆಯಲ್ಲಿ ಹೆಲ್ಮೆಟ್ಟು ನೇತಾಡುತ್ತಿತ್ತು. ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕದವಳು ನೀನು ಅದನ್ನು ನೋಡಿ ಅಲ್ಲೇ ಕುಸಿದು ಕೂತೆ. "ಇಲ್ಲೇ ಇದೆ ನೋಡೋ. ಕೈ ಎತ್ತಿದ್ರೆ ಸಿಗತ್ತೆ. ಈ ಮನುಷ್ಯನಿಗೆ ಏನಾಗಿತ್ತು ಇವತ್ತು?" ಎಂದೆ. ನಾನು ಕೈಯಲ್ಲಿ ಚೀಲ ಹಿಡಿದು ನಿಂತಿದ್ದೆ. ನನ್ನ ಲೇಖನದಿಂದ ನಾಚಿಕೆಯಾಗಿ ಬಿಟ್ಟು ಹೋದರೇನೋ ಎಂದು ಗೊಣಗಿದೆ. ಆಗಲೂ ನೀನು, "ನಿಂದೇನೋ ತಪ್ಪು, ಬರಿಯೋದು ನಿನ್ನ ಕೆಲಸ. ಮರೆತದ್ದು ಅವರು" ಎಂದು ನನ್ನ ಬೆನ್ನು ತಟ್ಟಿದೆ. ಅಕ್ಕ, ಚಿಕ್ಕವನಿದ್ದಾಗ ನೀನು ಕಪಾಳಕ್ಕೆ ಬಾರಿಸಿದ್ದು ಒಂದೂ ನೆನಪಿಲ್ಲ. ಈ ತಟ್ಟಿದ್ದು ಮಾತ್ರ ಇನ್ನೂ ಉರಿಯುತ್ತಿದೆ.

ಈಗ ನಿನ್ನ ಕಾಗದದ ವಿಷಯ. ಪೆಟ್ಟು ಬೀಳುವ ಮುಂಚೆಯೇ ಮರೆವು ಇತ್ತಾ ಎಂದು ಡಾಕ್ಟರು ಕೇಳಿದರು, ಹೆಲ್ಮೆಟ್ಟಿನ ವಿಷಯ ಹೇಳಿದೆ, ಅವರು ಅದನ್ನು ಬರೆದುಕೊಂಡು ನೆನಪಿನ ಪರೀಕ್ಷೆ ಮಾಡಬೇಕು ಎಂದರು ಎಂದು ಬರೆದಿದ್ದೀಯ. ಭಾವನಿಗೆ ಆ ಬೆಳಿಗ್ಗೆಯ ಒಂದು ಗಳಿಗೆಯೂ ಜ್ಞಾಪಕಕ್ಕೆ ಬರುತ್ತಿಲ್ಲ, ಆದ್ದರಿಂದ ನಾವು ಹೇಳಿದ್ದನ್ನೇ ನಂಬಿ ದಿನಕ್ಕೆ ನಾಲ್ಕು ಸಲ ನಿನ್ನ ಕ್ಷಮೆ ಕೇಳುತ್ತಾರೆ ಎಂದೂ ಬರೆದಿದ್ದೀಯ. "ಕಣ್ಣೆದುರು ಇದ್ದ ಹೆಲ್ಮೆಟ್ ಮರೆತವನು ಇನ್ನೊಬ್ಬರ ಮನೆ ಕೀ ಹೇಗೆ ಕೈಯಲ್ಲಿ ಇಟ್ಕೊಳ್ಳಲಿ" ಎಂದು ಅವರೇ ಹೇಳಿದರಂತೆ, ಅಂಗಡಿ ಬಿಟ್ಟುಬಿಡೋಣ ಎಂದು ನೀವಿಬ್ಬರೂ ನಿಶ್ಚಯಿಸಿದಿರಂತೆ. ಸೋಮವಾರ ಬೋರ್ಡು ಇಳಿಸಿ, ಅಂಗಡಿಯ ಕೀಯನ್ನು ಪಕ್ಕದ ಚಪ್ಪಲಿ ಅಂಗಡಿಯವನಿಗೆ ಕೊಡಬೇಕು, ಆ ಕೆಲಸ ನನ್ನದು. ಆತ ಈಗಾಗಲೇ ಎರಡು ಸಲ ಇಣುಕಿ, ಯಾವ ಗೋಡೆಗೆ ಯಾವ ಸೈಜಿನ ಚಪ್ಪಲಿ ಎಂದು ಕಣ್ಣಲ್ಲೇ ಅಳತೆ ತೆಗೆದುಕೊಂಡು ಹೋಗಿದ್ದಾನೆ. ಇಪ್ಪತ್ತೆರಡು ವರ್ಷದ ಅಂಗಡಿ ಅಕ್ಕ. ಈ ಊರಿನವರು ಸ್ವಂತ ತಮ್ಮನ ಕೈಗೆ ಕೊಡದ ಕೀಯನ್ನು ಭಾವನ ಕೈಗೆ ಕೊಡುತ್ತಾರೆ.

ನಗರಸಭೆಯ ಸಭೆಗೆ ಮೊನ್ನೆ ಹೋಗಿದ್ದೆ. ಹೆಲ್ಮೆಟ್ ಕಾನೂನಿನ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳುವ ಸಭೆ. ಅಪಘಾತಕ್ಕೆ ಮುಂಚೆಯೇ ವಿರೋಧಿಗಳ ಪಟ್ಟಿಯಲ್ಲಿ ನನ್ನ ಹೆಸರು ಸೇರಿತ್ತು. ಬರೆದಿಟ್ಟುಕೊಂಡಿದ್ದ ಭಾಷಣ ಜೇಬಿನಲ್ಲಿತ್ತು, ಹನ್ನೆರಡು ಕಡೆ ನಗು ಬರುವ ಹಾಗೆ ಗುರುತು ಹಾಕಿದ್ದೆ. ಮೊದಲು ಸೈಕಲ್ ಅಂಗಡಿಯವರು ಎದ್ದು, "ನಾನು ಹೆಲ್ಮೆಟ್ ಮಾರೋನು, ನನ್ನ ಮಾತು ನಂಬಬೇಡಿ. ಆದ್ರೆ ಬಿದ್ದೋರ ಸೈಕಲ್ ರಿಪೇರಿಗೆ ಬರೋದು ನನ್ನ ಹತ್ರಾನೇ. ಕೆಲವು ಸೈಕಲ್ ವಾಪಸ್ ತಗೊಂಡು ಹೋಗೋಕೆ ಯಾರೂ ಬರೋದಿಲ್ಲ" ಎಂದು ಹೇಳಿ ಕೂತರು. ಆಮೇಲೆ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ ಎದ್ದರು. "ದಂಡ ಅಂದ ತಕ್ಷಣ ಅರ್ಧ ಮನೆಗಳಲ್ಲಿ ಸೈಕಲ್ಲೇ ಬೇಡ ಅಂತಾರೆ ಸ್ವಾಮಿ. ಸೈಕಲ್ ಬಿಟ್ಟ ಹುಡುಗಿ ಶಾಲೆಗೆ ಬರೋದು ಅಪ್ಪನಿಗೆ ಪುರುಸೊತ್ತಾದ ದಿನ ಮಾತ್ರ. ಕಾನೂನು ಮಾಡೋದಾದ್ರೆ ಹೆಲ್ಮೆಟ್ ನೀವೇ ಕೊಡಿ" ಎಂದರು. ಹಿಂದಿನ ಸಾಲಿನಿಂದ ಯಾರೋ, ಕಾರಿನ ಬಾಗಿಲು ತೆಗೆಯುವವರಿಗೆ ಕಾನೂನು ಯಾವಾಗ ಎಂದರು. ನನಗೆ ಆ ಧ್ವನಿಯ ಕಡೆ ತಿರುಗಿ ನೋಡಲಾಗಲಿಲ್ಲ.

ನಂತರ ನನ್ನನ್ನು ಕರೆದರು. ನಾನು ಎದ್ದದ್ದೇ ತಡ, ಬಾಯಿ ತೆರೆಯುವ ಮುಂಚೆಯೇ ನಾಲ್ಕೈದು ಜನ ಕಿಸಕ್ಕೆಂದರು. ಭಾಷಣದ ಕಾಗದ ತೆಗೆಯಲಿಲ್ಲ. "ನಮ್ಮ ಭಾವನ ತಲೆಗೆ ಹದಿನಾಲ್ಕು ಹೊಲಿಗೆ ಬಿದ್ದಿದೆ" ಎಂದೆ. ಇಡೀ ಸಭೆ ನಕ್ಕಿತು. "ಯಾವ ಟೈಲರ್ ಹತ್ರ?" ಎಂದು ಮುಂದಿನ ಸಾಲಿನವರೊಬ್ಬರು ಕೇಳಿದರು, ಇನ್ನೊಮ್ಮೆ ನಕ್ಕರು. ಅವರನ್ನು ದೂರಲಾರೆ, ಹದಿನೈದು ವರ್ಷ ವಾರಕ್ಕೊಮ್ಮೆ ಅವರಿಗೆ ತರಬೇತಿ ಕೊಟ್ಟವನು ನಾನೇ. ನಿಜ ಹೇಳಲು ಹೋದರೆ ನನ್ನ ಮುಖವೇ ಅಡ್ಡ ಬರುತ್ತದೆ ಎಂದು ಗೊತ್ತಾಗಿ ಕೂತುಬಿಟ್ಟೆ. ಗುಮಾಸ್ತರು ಪುಸ್ತಕದಲ್ಲಿ ಬರೆದುಕೊಂಡದ್ದನ್ನು ಬಗ್ಗಿ ಓದಿದೆ: "ಅಂಕಣಕಾರರು ಕಡ್ಡಾಯವನ್ನು ಹಾಸ್ಯಮಯವಾಗಿ ವಿರೋಧಿಸಿದರು."

ಕಾನೂನು ಬೇಕೋ ಬೇಡವೋ ಎಂದು ನೀನು ಕೇಳಿದರೆ ಏನು ಹೇಳಲಿ. ಆ ಮುಖ್ಯೋಪಾಧ್ಯಾಯಿನಿ ಹೇಳಿದ್ದು ಸರಿ. ಒಬ್ಬ ಅಂಕಣಕಾರನಿಗೆ ಎದೆ ಉರಿಯುತ್ತದೆಂದು ಊರಿನ ಹುಡುಗಿಯರ ಸೈಕಲ್ ನಿಲ್ಲಬಾರದು. ನಗರಸಭೆಯವರೇ ಕೊಟ್ಟು ಹಾಕಿಸುವುದಾದರೆ ನಾನು ಈಗ ಕೈ ಎತ್ತುತ್ತೇನೆ. ಯಾಕೆಂದರೆ ಮೂರು ವಾರದಿಂದ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿದೆ. ಕಡ್ಡಾಯವಿದ್ದಿದ್ದರೆ ಅದು ಎಲ್ಲರ ತಲೆಯ ಮೇಲೂ ಇರುತ್ತಿತ್ತು, ಒಬ್ಬರ ತಲೆಯ ಮೇಲಿರುವ ತಮಾಷೆಯಾಗಿರುತ್ತಿರಲಿಲ್ಲ. ಕನ್ನಡಕವನ್ನು ಯಾರಾದರೂ ಆಟಕ್ಕೆ ಎತ್ತಿಡುತ್ತಾರೆಯೇ? ಹೆಲ್ಮೆಟ್ಟು ನನ್ನಂಥವನ ಕಣ್ಣಿಗೆ ಆಟದ ಸಾಮಾನಾಗಿ ಕಂಡದ್ದು, ಅದು ಭಾವನೊಬ್ಬರದ್ದೇ ಹುಚ್ಚು ಎಂದು ನಾನು ತೀರ್ಮಾನಿಸಿದ್ದರಿಂದ. ಇರಲಿ, ಇದನ್ನು ಇನ್ನೂ ಸರಿಯಾಗಿ ಬರೆಯಬೇಕು. ಮುಖ್ಯವಾದದ್ದು ಬರೆಯುವುದನ್ನು ಬಿಟ್ಟು ಮೂರು ಹಾಳೆ ಊರ ಸುದ್ದಿ ಬರೆದೆ, ನಿನಗೂ ತಿಳಿಯಿತು ಅಂದುಕೊಳ್ಳುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಬೆಂಚಿನ ಮೇಲೆ ನನ್ನವಳು ಕೊಟ್ಟ ದಿಂಬು ಹಾಕಿಕೊ, ಅದನ್ನು ಭಾವನ ಕಾಲ ಕೆಳಗೆ ಇಡಬೇಡ, ಅವರಿಗೆ ಆಸ್ಪತ್ರೆಯವರು ಕೊಟ್ಟದ್ದೇ ಇದೆ. ಭಾವನಿಗೆ ನನ್ನ ನಮಸ್ಕಾರ ಹೇಳು. ನಿನ್ನ ಕಾಲಿಗೆ ಬಿದ್ದೆ ಎಂದು ಬರೆದರೆ ಇವನಿಗೆ ಏನೋ ಬೇಕಾಗಿದೆ ಎಂದು ನಿನಗೆ ಗೊತ್ತಾಗಿಬಿಡುತ್ತದೆ. ಬೇಕಾಗಿದೆ, ಬಿದ್ದಿದ್ದೇನೆ.

ಇತಿ,
ನಿನ್ನ ತಮ್ಮ

ತಾ.ಕ.: ಅಂಚೆ ಡಬ್ಬಿ ತೆಗೆಯುವವರು ಹನ್ನೆರಡೂವರೆಗೆ ಬರುತ್ತಾರೆ, ಹತ್ತು ನಿಮಿಷ ಇದೆ. ಸೋಮವಾರ ಕೀ ಕೊಡುವುದಿಲ್ಲ. ಚಪ್ಪಲಿ ಅಂಗಡಿಯವನಿಗೆ ಈಗಷ್ಟೇ ಹೇಳಿ ಬಂದೆ, ಮುಖ ಸಿಂಡರಿಸಿದ. ಭಾವ ಹೆಲ್ಮೆಟ್ ಮರೆಯಲಿಲ್ಲ ಅಕ್ಕ. ಅದು ನನ್ನ ಹತ್ತಿರ ಇತ್ತು. ಹಿಂದಿನ ಸಂಜೆ ನಿಮ್ಮ ಮನೆಗೆ ಏಣಿ ವಾಪಸ್ ಕೊಡಲು ಬಂದಿದ್ದೆನಲ್ಲ, ನೀವಿಬ್ಬರೂ ಹಿತ್ತಲಿನಲ್ಲಿದ್ದಾಗ ಮೊಳೆಯಿಂದ ತೆಗೆದು ಚೀಲಕ್ಕೆ ಹಾಕಿಕೊಂಡೆ. ಎರಡನೇ ಲೇಖನಕ್ಕೆ ಒಂದು ಫೋಟೋ ಬೇಕಿತ್ತು, ಹೆಲ್ಮೆಟ್ಟಿನ ತುಂಬ ಈರುಳ್ಳಿ ತುಂಬಿಟ್ಟು, "ಕೊನೆಗೂ ಉಪಯೋಗಕ್ಕೆ ಬಂತು" ಎಂದು ಕೆಳಗೆ ಬರೆಯಲು. ಬೆಳಿಗ್ಗೆ ನೀನು ಪಾಠ ಮಾಡಲು ಶಾಲೆಗೆ ಹೋದ ಮೇಲೆ ಭಾವ ನನಗೆ ಫೋನು ಮಾಡಿದರು. "ಲೇಖಕರೇ, ನಮ್ಮ ಕುಂಬಳಕಾಯಿ ಏನಾದ್ರೂ ಕಂಡ್ರಾ? ಮನೆಯೆಲ್ಲ ಹುಡುಕಿದೆ" ಎಂದರು. ನನ್ನ ಕೈಯಲ್ಲಿ ಈರುಳ್ಳಿ ಇತ್ತು. "ಅಡುಗೆಮನೆಯಲ್ಲಿ ನೋಡಿ ಭಾವ, ಅಕ್ಕ ಹೆಚ್ಚಿ ಹಾಕಿರಬೇಕು" ಎಂದೆ. ನಕ್ಕರು. "ಸಿಕ್ಕಿದ್ರೆ ಹೇಳಿ. ಯಾರೋ ಅಜ್ಜಿ ಬಚ್ಚಲಲ್ಲಿ ಸಿಕ್ಕಿಹಾಕ್ಕೊಂಡಿದ್ದಾರೆ, ನಾನು ಹೀಗೇ ಹೊರಟೆ" ಎಂದು ಇಟ್ಟರು. ಇಲ್ಲೇ ಇದೆ, ನಿಲ್ಲಿ, ತಂದುಕೊಡುತ್ತೇನೆ ಎನ್ನಲು ಎಷ್ಟು ಹೊತ್ತು ಬೇಕಿತ್ತು? ನಾನು ಈರುಳ್ಳಿ ಜೋಡಿಸಿದೆ. ಅವರ ಫೋನು ಕಾರಿನ ಚಕ್ರದಡಿ ಪುಡಿಯಾಯಿತು, ಆದ್ದರಿಂದ ಈ ಮಾತು ನನ್ನೊಬ್ಬನಿಗೇ ಗೊತ್ತು. ಮಧ್ಯಾಹ್ನ ನೀನು ಆಸ್ಪತ್ರೆಗೆ ಓಡಿದಾಗ, ನಿಮ್ಮ ಮನೆಗೆಂದು ಭಾವನೇ ನನಗೆ ಮಾಡಿಕೊಟ್ಟ ಕೀಯಿಂದ ಬಾಗಿಲು ತೆಗೆದು ಅದನ್ನು ವಾಪಸ್ ನೇತುಹಾಕಿದೆ. ಹೆದರಿಕೆಗೆ. ನಿನ್ನ ಹೆದರಿಕೆಗೆ. ನಿನ್ನೆ ತೆಗೆದು ನೋಡಿದರೆ ಒಳಗಿನ ಮೆತ್ತೆಗೆ ಈರುಳ್ಳಿ ಸಿಪ್ಪೆ ಇನ್ನೂ ಅಂಟಿಕೊಂಡಿತ್ತು, ಲಕೋಟೆಯಲ್ಲಿ ಇರುವುದು ಅದೇ. ಡಾಕ್ಟರಿಗೆ ತೋರಿಸು, ಅವರು ಬರೆದುಕೊಂಡದ್ದನ್ನು ಹೊಡೆದುಹಾಕಲಿ. ಅಜ್ಜಿಗೆ ಇವತ್ತು ಸಂಜೆ ನಾನೇ ಹೋಗಿ ಹೇಳುತ್ತೇನೆ. ನನ್ನ ಮೇಲೆ ನೀನು ಎಷ್ಟು ದಿನ ಮಾತು ಬಿಡುತ್ತೀಯೋ ಬಿಡು, ಆದರೆ ಭಾವನಿಗೆ ಮಾತ್ರ ಇದನ್ನು ಈಗಲೇ ಓದಿ ಹೇಳು. ಅವರ ನೆನಪಿಗೆ ಏನೂ ಆಗಿರಲಿಲ್ಲ. ಅವರು ಕೈ ಎತ್ತಿದ್ದರು, ಮೊಳೆ ಖಾಲಿ ಇತ್ತು.